ಅವ್ವಂದಿರ ಹಳ್ಳ

ನಮ್ಮೂರಿನಲ್ಲಿ ಚಪ್ಪಲಿ ಮೆಟ್ಟಿಕೊಂಡೇ ಅಡುಗೆ ಮಾಡುವ ಹೆಂಗಸು ನಾನೊಬ್ಬಳೇ. ಹೊಲದಲ್ಲಿ, ಕೊಟ್ಟಿಗೆಯಲ್ಲಿ, ದೇವರ ಮುಂದೆ ಕೂಡ ನಾನು ಚಪ್ಪಲಿ ಬಿಡುವಂತಿಲ್ಲ. ಮಲಗುವ ಮುಂಚೆ ಎರಡೂ ಅಂಗಾಲಿಗೆ ಹರಳೆಣ್ಣೆ ತಿಕ್ಕಿ ಹಳೆ ಸೀರೆಯ ತುಂಡು ಸುತ್ತಿಕೊಳ್ಳುತ್ತೇನೆ. ಹಳ್ಳ ಕಾಯುವವಳ ಅಂಗಾಲು ಕೂಸಿನ ಕೆನ್ನೆಯ ಹಾಗಿರಬೇಕು ಅನ್ನುವುದು ನಮ್ಮ ಕಡೆಯ ಕಟ್ಟಳೆ. ಈ ಕೆಲಸ ಮಗಳಿಗೆ ಹೋಗುವುದಿಲ್ಲ, ಅವಳು ಇನ್ನೊಂದು ಊರು ಸೇರುವವಳು. ಸೊಸೆಗೇ ಬರುತ್ತದೆ. ನಾನು ಮದುವೆಯಾಗಿ ಬಂದ ದಿನ ನನ್ನ ಅತ್ತೆ ಮಾಳವ್ವ ಹೊಸಿಲಿನಾಚೆ ನನ್ನನ್ನು ಕೂರಿಸಿ, ಕಾಲನ್ನು ತನ್ನ ಮಡಿಲಿಗೆ ಎತ್ತಿಕೊಂಡು, ಅಂಗಾಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ್ದಳು. "ಒರಟು. ಆದ್ರೆ ಪಳಗ್ತದೆ ಬಿಡು," ಅಂದಿದ್ದಳು. ಆಮೇಲೆಯೇ ನಾನು ಒಳಗೆ ಕಾಲಿಟ್ಟದ್ದು.

ಹಳ್ಳ ದೊಡ್ಡದೇನಲ್ಲ. ಒಂದು ಎಮ್ಮೆ ಅಡ್ಡ ನಿಂತರೆ ಅರ್ಧ ಮುಚ್ಚಿಹೋಗುತ್ತದೆ. ಮೊಣಕಾಲುದ್ದ ನೀರು, ತಳದಲ್ಲಿ ನುಣುಪು ಮರಳು. ಆ ಮರಳಿನಲ್ಲಿ ಅರ್ಧ ಹೂತುಕೊಂಡು, ಬಾಯನ್ನು ಕೂದಲೆಳೆಯಷ್ಟು ತೆರೆದುಕೊಂಡು ಕಪ್ಪೆಚಿಪ್ಪುಗಳು ಕೂತಿರುತ್ತವೆ. ಅಂಗೈಯಗಲದ ಕಪ್ಪು ಚಿಪ್ಪು, ಒಳಗೆ ಮೆತ್ತನೆಯ ಜೀವ. ಒಂದು ಕಡೆಯಿಂದ ನೀರು ಎಳೆದುಕೊಂಡು ಇನ್ನೊಂದು ಕಡೆಯಿಂದ ಬಿಡುವುದೇ ಅವುಗಳ ಹಗಲಿರುಳಿನ ಕೆಲಸ. ಈ ಜಾತಿಯವು ಸುತ್ತಿನ ಯಾವ ನೀರಿನಲ್ಲೂ ಇಲ್ಲ. ನಾವು ಅವನ್ನು ಅವ್ವಂದಿರು ಅಂತ ಕರೆಯುತ್ತೇವೆ.

ಅವ್ವಂದಿರು ಕೂತ ಜಾಗಕ್ಕಿಂತ ಸ್ವಲ್ಪ ಮೇಲೆ, ನೀರಿಗೆ ಚಾಚಿಕೊಂಡಂತೆ ಒಂದು ಚಪ್ಪಡಿ ಕಲ್ಲಿದೆ. ಹೆದರಿಕೆಯಾದವರು ಬೆಳಿಗ್ಗೆ ಬಂದು ಅದರ ಮೇಲೆ ಕೂತು ಕಾಲು ಇಳಿಬಿಡುತ್ತಾರೆ. ಅರ್ಧ ಬೀಡಿ ಸೇದುವಷ್ಟು ಹೊತ್ತು ಸಾಕು. ಹೆದರಿಕೆ ಹಿಮ್ಮಡಿಯಿಂದ ಇಳಿದು ನೀರಿಗೆ ಹೋಗುತ್ತದೆ, ಅವ್ವಂದಿರು ಅದನ್ನು ಕುಡಿಯುತ್ತಾರೆ, ಕೆಳಗಿನ ಕಟ್ಟೆಗೆ ಬರುವ ಹೊತ್ತಿಗೆ ನೀರು ತಿಳಿ. ಆ ನೀರನ್ನೇ ನಾವು ಬಿಂದಿಗೆಗೆ ತುಂಬಿಕೊಳ್ಳುವುದು. ಹಾವು ಕಂಡವಳು, ಕೋರ್ಟಿನಿಂದ ಕಾಗದ ಬಂದವನು, ಮೊದಲ ಬಸುರಿ, ಗಂಟಲಿನಲ್ಲಿ ಗಂಟು ಕೈಗೆ ಸಿಕ್ಕಿದವನು, ಎಲ್ಲರೂ ಅಲ್ಲೇ. ಕಲ್ಲಿನ ಮೇಲೆ ಯಾರು ಯಾಕೆ ಬಂದರು ಅಂತ ಕೇಳುವಂತಿಲ್ಲ. ಎದ್ದು ಪಾದ ಒರೆಸಿಕೊಂಡು, "ಬಿಸಿಲು ಏರ್ತು, ಬರ್ತೀನವ್ವ," ಅಂತ ಹೊರಟುಬಿಡುತ್ತಾರೆ. ಹಾಗಾಗಿ ನಮ್ಮೂರಿನಲ್ಲಿ ಯಾರ ಹೆದರಿಕೆ ಏನು ಅಂತ ಯಾರಿಗೂ ಗೊತ್ತಿರಲಿಲ್ಲ. ಪಕ್ಕದಲ್ಲಿ ಮಲಗುವವರಿಗೂ ಗೊತ್ತಿರಲಿಲ್ಲ.

ದಿನ ತಪ್ಪದೆ ಕಲ್ಲಿನ ಮೇಲೆ ಕೂರುತ್ತಿದ್ದವನು ನನ್ನ ಗಂಡ ಕಾಳಿಂಗಯ್ಯ. ಅವನು ಬಾವಿ ತೋಡುತ್ತಿದ್ದವನು. ಹದಿನಾಲ್ಕು ವರ್ಷದ ಹಿಂದೆ ಒಂದು ಬಾವಿಯ ದಂಡೆ ಕುಸಿದು, ಹತ್ತಾಳು ಆಳದಲ್ಲಿ ಒಂದು ಬಂಡೆಯ ಸಂದಿಯಲ್ಲಿ ಸಿಕ್ಕಿಕೊಂಡು, ಒಂದು ಹಗಲು ಪೂರ್ತಿ ಮಣ್ಣಿನ ಕೆಳಗಿದ್ದ. ಸಾಯಂಕಾಲದ ಹೊತ್ತಿಗೆ ಎಳೆದು ತೆಗೆದರು. ಮೈಮೇಲೆ ಒಂದು ಗೀರು ಇಲ್ಲ. ಆದರೆ ಅಂದಿನಿಂದ ಬೆಳಿಗ್ಗೆ ಕಾಲು ಬಿಡದಿದ್ದರೆ ಅವನಿಗೆ ಸೂರಿನ ಕೆಳಗೆ ಉಸಿರು ಹತ್ತುತ್ತಿರಲಿಲ್ಲ. ಬಿಟ್ಟು ಬಂದರೆ ಎಲ್ಲರಂತೆ ಇರುತ್ತಿದ್ದ. ಮುದ್ದೆ ಉಣ್ಣುತ್ತಿದ್ದ, ನನ್ನ ಚಪ್ಪಲಿ ಹರಿದರೆ ತಾನೇ ಹೊಲಿಯುತ್ತಿದ್ದ, "ದೊರೆಸಾನಿ ಮೆಟ್ಟು" ಅಂತ ಅಣಕಿಸುತ್ತಿದ್ದ. ಆ ಬಾವಿಯ ವಿಷಯ ಒಂದು ದಿನವೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಆ ದಿನದ್ದು ನನ್ನಲ್ಲೂ ಒಂದು ಹೆದರಿಕೆ ಇತ್ತು. ನನಗೇನು, ಕೆಲಸವೇ ನೀರಿನಲ್ಲಿ. ದಿನಾ ಇಳಿಯುತ್ತಿದ್ದೆ, ದಿನಾ ಹೋಗುತ್ತಿತ್ತು.

ಹುಣ್ಣಿಮೆಯ ಮಾರನೆ ದಿನ ನಾನು ಅವ್ವಂದಿರನ್ನು ಎಣಿಸುತ್ತೇನೆ. ಕೈಯಿಂದ ಮುಟ್ಟುವಂತಿಲ್ಲ, ಕಣ್ಣಿಗೆ ಎಲ್ಲವೂ ಕಾಣುವುದಿಲ್ಲ. ಅಂಗಾಲಿನಿಂದಲೇ ಆಗಬೇಕು. ಭಾರ ಬಿಡದೆ, ಮರಳಿನ ಮೇಲೆ ಕಾಲು ತೇಲಿಸುತ್ತಾ ಹೋಗಬೇಕು. ಜೀವ ಇದ್ದದ್ದು ತಾಕಿದ ಕೂಡಲೇ ಬಾಯಿ ಮುಚ್ಚುತ್ತದೆ. ಆ ಸಣ್ಣ ಅದುರು ಅಂಗಾಲಿಗೆ ತಿಳಿಯುತ್ತದೆ. ಸತ್ತದ್ದು ತಿಳಿಯುವುದು ಅದು ಸುಮ್ಮನಿರುವುದರಿಂದ. ಬದುಕಿದ ಒಂದೊಂದಕ್ಕೂ ಒಂದು ಹರಳುಕಲ್ಲನ್ನು ಮಡಿಲಿಗೆ ಹಾಕಿಕೊಳ್ಳುತ್ತೇನೆ. ಆ ಹರಳುಗಳು ಅತ್ತೆಯ ಅತ್ತೆಯ ಕಾಲದವು, ಒಂದು ಮಂಕರಿಯಲ್ಲಿವೆ. ಎಣಿಸಿ ಮುಗಿದಾಗ ಮಂಕರಿಯಲ್ಲಿ ಮಿಕ್ಕವು ಸತ್ತವರ ಲೆಕ್ಕ. ನಾನು ಬಂದಾಗ ಮಂಕರಿಯ ತಳ ಮುಚ್ಚುವಷ್ಟು ಮಿಕ್ಕುತ್ತಿದ್ದವು. ವರ್ಷ ವರ್ಷಕ್ಕೆ ಹೆಚ್ಚಾಗುತ್ತಾ ಬಂದವು. ಮುದುಕಿಯರು ಸಾಯುವುದು ಸಹಜ ಅಂದುಕೊಂಡಿದ್ದೆ. ಒಂದು ಬೇಸಿಗೆಯಲ್ಲಿ ಮಡಿಲು ಹಗುರಾಗಿ, ಮಂಕರಿ ಅರ್ಧಕ್ಕಿಂತ ಮೇಲೆ ತುಂಬಿಕೊಂಡಿತು. ಅದನ್ನು ಸೊಂಟಕ್ಕೇರಿಸಿದಾಗ ಆದ ಭಾರ ಈಗಲೂ ನನ್ನ ಸೊಂಟಕ್ಕೆ ನೆನಪಿದೆ.

ಅದೇ ಬೇಸಿಗೆಯಲ್ಲಿ ಕೆಳಗಿನ ಕಟ್ಟೆಯಲ್ಲಿ ಎಮ್ಮೆಗಳು ನೀರು ಮೂಸಿ ಹಿಂದೆ ಸರಿಯತೊಡಗಿದವು. ಕೋಳಿಗಳು ಹಗಲಿನಲ್ಲೂ ಗೂಡು ಬಿಟ್ಟು ಬರಲಿಲ್ಲ. ಅಂಗಡಿಯಾತ ತಕ್ಕಡಿ ಹಿಡಿದರೆ ಕೈ ನಡುಗಿ ಮುಳ್ಳು ನಿಲ್ಲುತ್ತಿರಲಿಲ್ಲ. ಊರಿನ ಯಜಮಾನ ಪಾಲಾಕ್ಷಪ್ಪನ ಸೊಸೆ ನೀರು ತುಂಬಿಕೊಂಡು ಹೋದವಳು ಮನೆ ಬಾಗಿಲಿನ ಮುಂದೆ ನಿಂತುಬಿಟ್ಟಳು. ಒಳಗೆ ಯಾರೋ ಇದ್ದಾರೆ ಅಂದಳು. ಇದ್ದದ್ದು ಅವಳ ಮಾವ, ಜಗಲಿಯ ಒಳಬದಿಯಲ್ಲಿ ಕೂತು ಕಡಲೆ ಬಿಡಿಸುತ್ತಿದ್ದ. "ನಾನು ಕಣಮ್ಮ, ನಾನು," ಅಂತ ಎಷ್ಟು ಕೂಗಿದರೂ ಬಿಂದಿಗೆ ಇಳಿಸದೆ ಬಿಸಿಲಲ್ಲಿ ನಿಂತೇ ಇದ್ದಳು.

ಪಾಲಾಕ್ಷಪ್ಪ ಊರು ಸೇರಿಸಿದ. ಎಲ್ಲರೂ ನನ್ನ ಕಾಲನ್ನೇ ನೋಡುತ್ತಿದ್ದರು.

"ಚಪ್ಪಲಿ ದ್ಯಾವಮ್ಮ, ಏನವ್ವ ನಿನ್ನ ಕಾವಲು? ಎಣ್ಣೆ ತಿಕ್ಕೊಂಡು ಮಲಗಿದ್ದೇ ಬಂತಾ?" ಅಂತ ಹಿಂದಿನಿಂದ ಯಾರೋ ಅಂದರು.

"ತಟ್ಟಿ ಹೆಂಗೈತೆ? ಮೀನು ನುಗ್ತಾ ಇರಬೇಕು," ಅಂದ ಪಾಲಾಕ್ಷಪ್ಪ.

ತಟ್ಟಿ ಅಂದರೆ ಅವ್ವಂದಿರ ಜಾಗದ ಕೆಳಗೆ, ಹಳ್ಳ ತಿರುಗುವ ಕಡೆ ಅಡ್ಡಲಾಗಿ ನಿಲ್ಲಿಸಿದ ಬಿದಿರಿನದು. ಅದನ್ನು ಹಾಕಿಸಿದವಳು ನನ್ನ ಅತ್ತೆ. ಹೊಳೆಯಿಂದ ಮಳೆಗಾಲದಲ್ಲಿ ಹತ್ತಿ ಬರುತ್ತಿದ್ದ ಪಕ್ಕೆ ಮೀನಿನ ಕಿವಿರಿನಲ್ಲಿ ಅವಳು ಒಂದು ವರ್ಷ ಬಿಳಿ ಕಾಳುಗಳನ್ನು ಕಂಡಿದ್ದಳು, ಎಳ್ಳು ಅಂಟಿಸಿದ ಹಾಗೆ. ಹುಳ ಬಿದ್ದ ಮೀನು, ಅವ್ವಂದಿರಿಗೂ ರೋಗ ತಗುಲಿಸುತ್ತವೆ ಅಂತ ಹೆದರಿ ಒಂದು ಮೀನೂ ನುಸುಳದ ಹಾಗೆ ಅಡ್ಡ ಕಟ್ಟಿಸಿದಳು. ಊರೆಲ್ಲ ಹೊಗಳಿತು. ಅಂಥ ಕಾವಲುಗಾರ್ತಿ ಹಿಂದೆ ಇರಲಿಲ್ಲ ಅಂದರು. ಅದನ್ನು ವರ್ಷಕ್ಕೊಮ್ಮೆ ಕಿತ್ತು ಹೊಸ ಬಿದಿರಿನಲ್ಲಿ ಹೆಣೆಯುವುದು ನನ್ನ ಪಾಲಿನ ಹೆಮ್ಮೆ. ನನ್ನ ಹೆಣಿಗೆಯಲ್ಲಿ ಕಡ್ಡಿಯೂ ತೂರುತ್ತಿರಲಿಲ್ಲ.

ಅವತ್ತು ಊರು ಇನ್ನೊಂದು ತಟ್ಟಿ ಹಾಕಬೇಕು ಅಂತ ತೀರ್ಮಾನಿಸಿತು. ಹಾಕಿದೆ. ಮುಂದಿನ ಹುಣ್ಣಿಮೆಗೆ ಮಂಕರಿಯಲ್ಲಿ ಇನ್ನೂ ಒಂದು ಬೊಗಸೆ ಹರಳು ಹೆಚ್ಚಿತು. ಅವತ್ತು ಕಾಳಿಂಗಯ್ಯ ಕಾಲು ಬಿಟ್ಟು ಬಂದವನು ಒಳಗೆ ಬರದೆ ಅಂಗಳದಲ್ಲೇ ಕೂತ. ಮುದ್ದೆ ಅಲ್ಲಿಗೇ ತಂದುಕೊಟ್ಟೆ. "ಇವತ್ಯಾಕೋ ಪೂರ್ತಿ ಇಳೀಲಿಲ್ಲ ಕಣಮ್ಮಿ," ಅಂದ. ನಾನು ಅವನ ಮುಖ ನೋಡಲಿಲ್ಲ. ನನ್ನದೂ ಇಳಿದಿರಲಿಲ್ಲ.

ಕೆಳಗಿನ ಹೊಳೆಯಿಂದ ಬೆಸ್ತರ ಹೊನ್ನೂರಮ್ಮ ಬಂದದ್ದು ಅದಾದ ಒಂದು ವಾರಕ್ಕೆ. ನನ್ನ ವಯಸ್ಸಿನವಳೇ, ದಪ್ಪ ದನಿ, ಸೊಂಟದಲ್ಲಿ ಬಲೆ ಹೆಣೆಯುವ ಸೂಜಿ. ಜಗಳಕ್ಕೇ ಬಂದಿದ್ದಳು. "ಏನು ಬಿಡ್ತಿದೀರ ನೀರಿಗೆ? ನಮ್ಮ ಗಂಡಸರು ಬಲೆ ಬೀಸಕ್ಕೆ ಅಂತ ಹೋಗಿ ದಡದಲ್ಲಿ ಕೈ ಕಟ್ಟಿಕೊಂಡು ಕೂತ್ಕತಾರೆ. ಮೀನು ನಿಮ್ಮ ಹಳ್ಳದ ಬಾಯಿಗೆ ಬಂದು ಬೆಂಕಿ ಕಂಡಂಗೆ ತಿರುಗ್ತವೆ," ಅಂದಳು. ನಾನು ಅವಳನ್ನು ಕರೆದುಕೊಂಡು ಹೋಗಿ ಎರಡೂ ತಟ್ಟಿ ತೋರಿಸಿದೆ, ನಮ್ಮ ಕಡೆಯಿಂದ ಯಾವ ಕೊರತೆಯೂ ಇಲ್ಲ ಅಂತ ತಿಳಿಯಲಿ ಅಂತ. ಅವಳು ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿದಳು.

"ಇದ್ಯಾಕಕ್ಕ?"

"ಮೀನು ಬರದಂಗೆ. ಕಿವಿರಲ್ಲಿ ಹುಳ ಇದ್ವಂತೆ."

"ಎಳ್ಳಿನಂಥವಾ? ಬಿಳೀವು?"

"ಹೂಂ."

ಅವಳು ಸೂಜಿಯನ್ನು ಸೊಂಟದಿಂದ ತೆಗೆದು ಮತ್ತೆ ಸಿಕ್ಕಿಸಿಕೊಂಡಳು. "ನಮ್ಮಜ್ಜಿ ಎಳ್ಳು ಕಿವಿರಿನ ಮೀನು ಸಿಕ್ಕರೆ ಬಲೆಯಿಂದ ಬಿಡಿಸಿ ನೀರಿಗೆ ಹಾಕೋಳು. ಚಿಪ್ಪಿನ ಕೂಸು ಹೊತ್ತವೆ ಅನ್ನೋಳು. ಅವು ಎಲ್ಲಿ ಓಡಾಡ್ತವೋ ಅಲ್ಲಿ ಮರಳಲ್ಲಿ ಮರಿ ಚಿಪ್ಪು ಕಾಣಿಸ್ತವೆ. ಹೊಳೆ ಚಿಪ್ಪಿಂದೂ ಅಷ್ಟೇ, ನಿಮ್ಮವೂ ಅಷ್ಟೇ ಇರಬೇಕು. ಚಿಪ್ಪಿಗೆ ಕಾಲಿಲ್ಲ, ಕಂಕುಳಿಲ್ಲ. ಕೂಸನ್ನ ಮೀನಿನ ಕೈಗೆ ಕೊಡ್ತದೆ, ಅದು ಎತ್ತಿ ಆಡಿಸಿ ಮರಳಲ್ಲಿ ಇಳಿಸ್ತದೆ. ನಿಮ್ಮ ಹಳ್ಳದಲ್ಲಿ ಮರಿ ಐತಾ?"

ಇಪ್ಪತ್ತಾರು ವರ್ಷ ಆ ಮರಳಿನ ಮೇಲೆ ಕಾಲು ತೇಲಿಸಿದ್ದೆ. ಅಂಗೈಯಗಲಕ್ಕಿಂತ ಸಣ್ಣದು ಒಂದೂ ನನ್ನ ಅಂಗಾಲಿಗೆ ತಾಕಿರಲಿಲ್ಲ. ತಾಕದಿರುವುದನ್ನು ಕೂಡ ಎಣಿಸಬೇಕು ಅಂತ ನನಗೆ ತೋಚಿರಲಿಲ್ಲ. ಅವ್ವ, ಅವ್ವ ಅಂತ ಕರೆದವರು ಮಕ್ಕಳೆಲ್ಲಿ ಅಂತ ಒಬ್ಬರೂ ಕೇಳಿರಲಿಲ್ಲ.

ಮನೆಗೆ ಬಂದು ಅತ್ತೆಗೆ ಹೇಳಿದೆ. ಆಗ ಅವಳಿಗೆ ಕಣ್ಣು ಹೋಗಿತ್ತು, ಗೋಡೆಗೊರಗಿ ಕಾಲು ಚಾಚಿ ಕೂತಿರುತ್ತಿದ್ದಳು. ತನ್ನ ಅಂಗಾಲನ್ನು ತಾನೇ ಸವರಿಕೊಂಡು, "ಚುಚ್ಚೋವು ಕಣೇ ದ್ಯಾವಿ," ಅಂದಳು. "ನಾನು ಹೊಸದಾಗಿ ಬಂದಾಗ ಇಲ್ಲಿ, ಈ ಹಳ್ಳದಲ್ಲಿ ಚುಚ್ಚೋವು. ಹುಣಸೆ ಬೀಜದಷ್ಟಿದ್ವು. ಆಮೇಲೆ ಚುಚ್ಚೋದು ನಿಲ್ತು. ಕಾಲು ಪಳಗ್ತು ಅಂದ್ಕೊಂಡೆ." ಅವತ್ತು ಅವಳು ಊಟ ಬೇಡ ಅಂದಳು. ತನ್ನನ್ನು ಚಪ್ಪಡಿ ಕಲ್ಲಿನ ಹತ್ತಿರ ಕರೆದುಕೊಂಡು ಹೋಗು ಅಂತ ಮಾತ್ರ ಕೇಳಲೇ ಇಲ್ಲ. ಆ ಹೆದರಿಕೆ ತನ್ನಲ್ಲೇ ಇರಲಿ ಅಂದುಕೊಂಡಳೇನೋ.

ಮಾರನೆ ದಿನ ನಾನು ಎರಡೂ ತಟ್ಟಿ ಬಿಚ್ಚಲು ಹೋದೆ. ನನ್ನ ಕೈಯ ಹೆಣಿಗೆ ನನಗೇ ಬಿಚ್ಚಲು ಬರಲಿಲ್ಲ, ಕುಡುಗೋಲಿನಿಂದ ಕತ್ತರಿಸಿದೆ. ಮೊದಲ ಮಳೆ ಬಿದ್ದು ಕೆಂಪು ಹೊಸನೀರು ಬಂತು. ಹೊನ್ನೂರಮ್ಮ ಹೇಳಿದಂತೆ ಪಕ್ಕೆ ಮೀನು ಹೊಳೆಯಿಂದ ಹತ್ತಿ ಬಂದವು. ನಾನೂ ಅವಳೂ ತಿರುವಿನ ದಡದಲ್ಲಿ ಕೂತು ನೋಡಿದೆವು. ಬೆಳ್ಳಿಯ ಚೂರುಗಳ ಹಾಗೆ ಹಿಂಡುಹಿಂಡಾಗಿ ತಟ್ಟಿಯಿದ್ದ ಜಾಗದವರೆಗೆ ಬಂದವು. ಅಲ್ಲಿ ನಿಂತವು. ಒಂದೇ ಸಲಕ್ಕೆ ತಲೆ ತಿರುಗಿಸಿ ಕೆಳಕ್ಕೆ ಓಡಿಬಿಟ್ಟವು.

"ಹೆದರಿಕೆ. ನಿಮ್ಮೂರಿನ ಹೆದರಿಕೆ ಅಲ್ಲಿ ಗೋಡೆ ಕಟ್ಟಿದಂಗೆ ನಿಂತೈತೆ," ಅಂದಳು ಹೊನ್ನೂರಮ್ಮ. "ಮೀನು ಹತ್ತಿ, ತಿರುಗಿ ಇಳಿದು ಹೋಗೋಗಂಟ ಯಾರೂ ಕಾಲು ಬಿಡಬಾರದಕ್ಕ. ಇದ್ದದ್ದನ್ನ ಕುಡಿದು ಮುಗಿಸಕ್ಕೆ ನಿಮ್ಮ ಮುದುಕೀರಿಗೆ ಸ್ವಲ್ಪ ಬಿಡುವು ಕೊಡಿ."

"ಎಷ್ಟು ದಿನ?"

"ಎರಡು ತಿಂಗಳು. ಎರಡೂವರೆ."

ಮತ್ತೆ ಊರು ಸೇರಿತು. ತಟ್ಟಿ ಕತ್ತರಿಸಿದ್ದಕ್ಕೆ ಮೊದಲು ಬೈಗುಳವಾಯಿತು. ಆಮೇಲೆ ಹೊನ್ನೂರಮ್ಮ ಹೇಳಿದ್ದನ್ನು ಹೇಳಿದೆ. ಆ ಗದ್ದಲ ಈಗ ನೆನೆಸಿಕೊಂಡರೂ ಕಿವಿ ಗುಂಯ್ ಅನ್ನುತ್ತದೆ. ಎರಡು ತಿಂಗಳು ಹೆದರಿಕೆಯನ್ನು ಎಲ್ಲಿ ಇಡುವುದು? ನೆಲ್ಲಿನ ಚೀಲವೇ, ಅಟ್ಟಕ್ಕೆ ಹಾಕಲಿಕ್ಕೆ? "ನನ್ನ ಕೈಲಾಗಲ್ಲ," ಅಂತ ಪಾಲಾಕ್ಷಪ್ಪನೇ ಎದ್ದು ನಿಂತ. ಯಜಮಾನನಿಗೂ ಒಂದು ಹೆದರಿಕೆ ಇದೆ ಅಂತ ಊರಿಗೆ ತಿಳಿದದ್ದು ಅವತ್ತೇ. ತಿಳಿಯಿತು ಅಂತ ಅವನಿಗೂ ಗೊತ್ತಾಗಿ, ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡು ಕೂತ. ಆಗ ಎಲ್ಲರ ಕಣ್ಣೂ ಒಬ್ಬೊಬ್ಬರದಾಗಿ ಕಾಳಿಂಗಯ್ಯನ ಕಡೆ ತಿರುಗಿದವು. ಎಲ್ಲರಿಗಿಂತ ಹೆಚ್ಚು ಯಾರದ್ದು ಅಂತ ಅವರಿಗೆ ಗೊತ್ತಿತ್ತು.

ಅವನು ಬೇವಿನ ಮರದ ಕೆಳಗೆ, ಗುಂಪಿನ ಹೊರಗೆ ಕೂತಿದ್ದ. "ಅವ್ವಂದಿರೇ ಇಲ್ಲದ ಮೇಲೆ ನಾನೆಲ್ಲಿಗೆ ಹೋಗ್ಲಿ? ತಡೀತೀನಿ ಬಿಡಿ," ಅಂದ. ಅವನೇ ಅಂದ ಮೇಲೆ ಬೇರೆಯವರು ಬಾಯಿ ಮುಚ್ಚಿದರು. ನನಗೆ ಮಾತ್ರ ಅವನು ಬೇಡ ಅನ್ನಲಿ ಅಂತ ಇತ್ತು. ಹಳ್ಳ ಕಾಯುವವಳು ನಾನು, ಬೇಡ ಅನ್ನಲಿ ಅಂತ ನನ್ನ ಗಂಡನ ಮುಖವನ್ನೇ ನೋಡುತ್ತಿದ್ದೆ.

ಆ ಎರಡು ತಿಂಗಳು ಊರು ಬೇರೆಯೇ ಆಯಿತು. ಜನ ಒಬ್ಬಂಟಿಯಾಗಿ ಬಹಿರ್ದೆಸೆಗೂ ಹೋಗಲಿಲ್ಲ. ಕ್ಷೌರದವನು ಕತ್ತಿ ಕೆಳಗಿಟ್ಟು ಕತ್ತರಿ ಹಿಡಿದ, ಗಂಡಸರೆಲ್ಲ ಗಡ್ಡದವರಾದರು. ಟಪಾಲಿನವನು ಊರ ಹೊರಗಿನಿಂದಲೇ ಹೆಸರು ಕೂಗಿ ಕಾಗದವನ್ನು ಕಲ್ಲಿನ ಕೆಳಗಿಟ್ಟು ಓಡುತ್ತಿದ್ದ. ಹೆದರಿಕೆ ಹೊಟ್ಟೆಯಲ್ಲಿ ಹಿಡಿಯದೆ ಹೋದಾಗ ಜನ ಅದನ್ನು ಬಾಯಿಬಿಟ್ಟು ಹೇಳತೊಡಗಿದರು. ಪಾಲಾಕ್ಷಪ್ಪ ಒಂದು ದಿನ ನಮ್ಮ ಅಂಗಳಕ್ಕೆ ಬಂದು, ಯಾರೂ ಕೇಳದೆ, "ನಂಗೆ ಹಲ್ಲಿ ಕಂಡ್ರೆ ಆಗಲ್ಲ ಕಣ್ರಪ್ಪ. ಸಣ್ಣೋನಾಗಿಂದ್ಲೂ," ಅಂದುಬಿಟ್ಟ. ಅತ್ತೆ ಗೋಡೆಯ ಕಡೆಯಿಂದ, "ಹಲ್ಲಿಗಾ? ಇಷ್ಟು ವರ್ಷ ಅವ್ವಂದಿರಿಗೆ ಹಲ್ಲಿ ಕುಡಿಸ್ದೆಯಾ?" ಅಂದಳು. ನಕ್ಕೆವು. ನಗು ಅರ್ಧದಲ್ಲೇ ನಿಂತಿತು. ಎಲ್ಲರ ಹೆದರಿಕೆಯೂ ಹಲ್ಲಿಯಷ್ಟಿರಲಿಲ್ಲ.

ಕಾಳಿಂಗಯ್ಯ ಮನೆಯೊಳಕ್ಕೆ ಬರುವುದನ್ನೇ ಬಿಟ್ಟ. ಮಳೆ ಹಿಡಿದಿತ್ತು. ಕಂಬಳಿ ಕೊಪ್ಪೆ ಹಾಕಿಕೊಂಡು ಅಂಗಳದ ನಡುವೆ ಒರಳುಕಲ್ಲಿನ ಮೇಲೆ ಕೂತಿರುತ್ತಿದ್ದ. ಕಂಬಳಿಯೂ ಮುಖದ ಹತ್ತಿರ ಬಂದರೆ ಕಿತ್ತೆಸೆಯುತ್ತಿದ್ದ. ನಾನು ಕೊಟ್ಟ ಅನ್ನವನ್ನು ಮೊದಲು ನನ್ನ ಮುಖ ನೋಡಿ ಆಮೇಲೆ ಉಣ್ಣುತ್ತಿದ್ದ. ಅವನ ಬೆನ್ನ ಹಿಂದೆ ನಾನು ಬಂದರೆ ತಟ್ಟನೆ ತಿರುಗುತ್ತಿದ್ದ. ನನಗೂ ನೀರಿಗೆ ಇಳಿಯುವಂತಿರಲಿಲ್ಲ, ನನ್ನ ಮಂಕರಿಯನ್ನು ಅಟ್ಟಕ್ಕೇರಿಸಿದ್ದೆ. ಹನ್ನೊಂದು ವರ್ಷ ದಿನಾ ತೊಳೆದು ಬಿಟ್ಟದ್ದು ನನ್ನೊಳಗೆ ದಿನಾ ಒಂದು ಗೇಣು ಏರುತ್ತಿತ್ತು. ಅವನು ತಿರುಗಿದಾಗಲೆಲ್ಲ, ಈಗ ಕೇಳುತ್ತಾನೆ, ಈಗ ಕೇಳಿಯೇಬಿಡುತ್ತಾನೆ ಅಂತ ತಟ್ಟೆ ಇಟ್ಟು ಒಳಗೆ ಓಡುತ್ತಿದ್ದೆ.

ಒಂದು ಬೆಳಿಗ್ಗೆ ಮಳೆ ಹೊಳವಾಗಿತ್ತು. ನಾನು ತಿರುವಿನ ದಡದಲ್ಲಿದ್ದೆ. ಮೀನು ಬಂದಿದ್ದವು. ಈ ಸಲ ತಟ್ಟಿಯಿದ್ದ ಜಾಗದಲ್ಲಿ ನಿಂತು ಹಿಂದಿರುಗಲಿಲ್ಲ. ಮೂತಿ ಮೇಲೆ ಮಾಡಿ, ಬಾಲ ಆಡಿಸುತ್ತಾ ಕಾದಿದ್ದವು. ಮುಂದಿನದೊಂದು ಒಂದು ಮೊಳ ಮುಂದೆ ಬಂತು. ಅದರ ಹಿಂದೆ ಇನ್ನೆರಡು. ಅಷ್ಟರಲ್ಲಿ ಮೇಲಿನಿಂದ ಯಾರೋ ಓಡಿ ಬರುವ ಸದ್ದಾಯಿತು.

ಕಾಳಿಂಗಯ್ಯ. ಕಂಬಳಿ ಇಲ್ಲ, ಪಂಚೆ ಕೆಸರಾಗಿದೆ, ಬಾಯಿ ತೆರೆದುಕೊಂಡು ಗಾಳಿ ಎಳೆಯುತ್ತಿದ್ದಾನೆ. ಚಪ್ಪಡಿ ಕಲ್ಲಿನ ಮೇಲೆ ಕೂತೇಬಿಟ್ಟ. ನಾನು ಚಪ್ಪಲಿ ಕಳಚಿಹೋದದ್ದೂ ತಿಳಿಯದೆ ಕಲ್ಲುಮುಳ್ಳಿನ ಮೇಲೆ ಓಡಿದೆ. ಅವನ ಹಿಮ್ಮಡಿ ನೀರಿಗೆ ತಾಕಲು ನಾಲ್ಕು ಬೆರಳಿತ್ತು. ಎರಡೂ ಕಾಲನ್ನು ತಬ್ಬಿ ಎಳೆದು, ಕಲ್ಲಿನ ಮೇಲೆ ಕುಕ್ಕರಿಸಿ, ನನ್ನ ಮಡಿಲಿಗೆ ಹಾಕಿಕೊಂಡು ಸೆರಗು ಮುಚ್ಚಿದೆ.

"ಬಿಡು."

"ಬಿಡಲ್ಲ. ಮೀನು ಬಂದವೆ ಕಣಯ್ಯ. ಅಲ್ಲಿ ನೋಡು. ಇನ್ನೊಂದು ಗಳಿಗೆ."

"ಬಿಡೇ, ಸಾಯ್ತೀನಿ. ಮಣ್ಣು ಬಾಯಿಗೆ ಬತ್ತಾ ಐತೆ."

ಅವನ ಕಾಲು ಮಂಜಿನ ಹಾಗಿತ್ತು, ಗಡಗಡ ಅದುರುತ್ತಿತ್ತು. ನೀರಿಗೆ ಬಿಡಲಿಕ್ಕಾಗದ್ದನ್ನು ಊರವರು ಬಾಯಿಬಿಟ್ಟು ಹೇಳುತ್ತಿದ್ದದ್ದು ನೆನಪಾಯಿತು. "ಹೇಳು. ನನ್ನ ಹತ್ರ ಹೇಳಿಬಿಡು," ಅಂದೆ. ಅಂದಮೇಲೆ ಏನು ಕೇಳಿಬಿಟ್ಟೆ ಅಂತ ತಿಳಿದು ನನ್ನ ಕೈಯೇ ಸಡಿಲವಾಯಿತು. ಆದರೂ ಕಾಲು ಬಿಡಲಿಲ್ಲ.

ಅವನು ನನ್ನ ಕಡೆ ನೋಡದೆ, ನೀರನ್ನು ನೋಡುತ್ತಾ ಹೇಳಿದ. "ಬಂಡೆ ಸಂದಿಯಾಗೆ ಕತ್ತಲು. ಮೇಲೆ ಗುದ್ದಲಿ ಸದ್ದು ಕೇಳ್ತಿತ್ತು. ಅದು ಕೇಳೋಗಂಟ ಹೆದರಿಕೆ ಇರಲಿಲ್ಲ. ಬತ್ತಾರೆ ಅಂತ ಇತ್ತು. ಆಮೇಲೆ ಸದ್ದು ನಿಲ್ತು. 'ಸಾಕು ಬಿಡಿ, ಹೋಗಿರ್ತಾನೆ' ಅಂತ ಒಂದು ದನಿ ಬಂತು."

ಅವನ ಕಾಲಿನ ಮೇಲಿಂದ ಜಾರಿದ ಸೆರಗನ್ನು ನಾನು ಮತ್ತೆ ಎಳೆದು ಮುಚ್ಚಿದೆ.

"ನಿನ್ನ ದನಿ," ಅಂದ.

ಹೌದು, ನಾನೇ ಅಂದದ್ದು. ಮಧ್ಯಾಹ್ನ ತಿರುಗಿತ್ತು. ಅಗೆಯುತ್ತಿದ್ದ ಆರು ಜನರ ಕಾಲ ಕೆಳಗೆ ದಂಡೆ ಮತ್ತೆ ಬಿರಿಯಿತು. ಅವರ ಹೆಂಡಂದಿರು ನನ್ನ ಎದುರಿಗೇ ನಿಂತಿದ್ದರು, ಒಬ್ಬಳ ಕಂಕುಳಲ್ಲಿ ಕೂಸಿತ್ತು. ಯಾರೂ ಏನೂ ಅನ್ನಲಿಲ್ಲ, ಆದರೆ ಎಲ್ಲರೂ ನಾನೇನು ಅನ್ನುತ್ತೇನೆ ಅಂತ ಕಾಯುತ್ತಿದ್ದರು. ಅಂದೆ. ಪಾಲಾಕ್ಷಪ್ಪ ಮಾತ್ರ, "ಇನ್ನೊಂದು ಮೊಳ ತೆಗೀರಿ, ಆಮೇಲೆ ನೋಡಾಣ," ಅಂದ. ಆ ಒಂದು ಮೊಳದ ಕೆಳಗೆ ಇವನಿದ್ದ. ಇದನ್ನೆಲ್ಲ ಹೇಳಬೇಕು ಅಂತ ಬಾಯಿ ತೆರೆದೆ. ಬಿರಿದ ದಂಡೆ, ಆರು ಜನ, ಕೂಸು, ಎಲ್ಲವೂ ನಿಜ, ಯಾವುದೂ ಹೊರಗೆ ಬರಲಿಲ್ಲ. "ಗೊತ್ತಿತ್ತಾ ನಿಂಗೆ?" ಅಂತಷ್ಟೇ ಬಂತು.

"ಊರೋರು ಬಾವಿ ಹೆದರಿಕೆ ಅಂದ್ಕೊಂಡವ್ರೆ. ಬಾವಿ ಅಲ್ಲ. ಹನ್ನೊಂದು ವರ್ಷ ದಿನಾ ಬೆಳಿಗ್ಗೆ ಬಂದು ಬಿಟ್ಟದ್ದು ಅದನ್ನೇ. ನಿನ್ನ ಪಕ್ಕ ಮಲಗಕ್ಕೆ ಬೇಕಾಗಿತ್ತು," ಅಂದ.

ಕೆಳಗೆ ತಿರುವಿನಲ್ಲಿ ನೀರು ಮಿನುಗಿತು. ಮೊದಲ ಹಿಂಡು ಅವ್ವಂದಿರ ಮೇಲೆ ಬಂದಿತ್ತು. ಮರಳಿನಿಂದ ಸಣ್ಣ ಹೊಗೆಯಂಥದು ಏಳುವುದು, ಮೀನು ಅದರೊಳಗೆ ಹಾಯ್ದು ಹೋಗುವುದು ಕಣ್ಣಿಗೆ ಕಂಡಿತು. ಇಪ್ಪತ್ತಾರು ವರ್ಷದ ಕಾವಲಿನಲ್ಲಿ ನಾನು ಕಾಣದ್ದು. ಕಂಡೆ, ಆದರೆ ಸಂತೋಷಪಡಲು ಆಗಲಿಲ್ಲ. ನನ್ನ ಕೈಯೊಳಗಿದ್ದ ಕಾಲಿನ ಮೇಲೆಯೇ ಜೀವವಿತ್ತು. ಅವನು ಎಳೆದುಕೊಂಡರೆ ಹಿಡಿಯುವ ಬಲ ನನ್ನಲ್ಲಿ ಉಳಿದಿರಲಿಲ್ಲ. ಅವನು ಎಳೆದುಕೊಳ್ಳಲಿಲ್ಲ. ಕೊನೆಯ ಹಿಂಡು ಕಲ್ಲಿನ ಬುಡ ದಾಟಿ ಮೇಲಕ್ಕೆ ಹೋಗುವವರೆಗೂ ಇಬ್ಬರೂ ಹಾಗೇ ಕೂತಿದ್ದೆವು. ಬಿಸಿಲು ನೆತ್ತಿಗೆ ಬಂದಾಗ ಅವನು ನನ್ನ ಅಂಗಾಲು ನೋಡಿದ. ಓಡಿ ಬಂದದ್ದಕ್ಕೆ ಸೀಳಿ ರಕ್ತವಾಗಿತ್ತು. "ಹಾಳು ಮಾಡ್ಕೊಂಡ್ಯಲ್ಲೇ. ಇನ್ನು ಹೆಂಗೆ ಎಣಿಸ್ತೀಯ?" ಅಂದ.

ಅದಕ್ಕೆ ಉತ್ತರ ಸಿಗಲು ಮೂರು ಮಳೆಗಾಲ ಬೇಕಾಯಿತು. ಪ್ರತಿ ಮಳೆಗೂ ಊರು ಎರಡು ತಿಂಗಳು ತಡೆದುಕೊಂಡಿತು, ಬೈದುಕೊಂಡು ತಡೆದುಕೊಂಡಿತು. ನಡುವೆ ಅತ್ತೆ ತೀರಿಕೊಂಡಳು. ಕಾಳಿಂಗಯ್ಯ ಜಗಲಿಯವರೆಗೆ ಬಂದಿದ್ದಾನೆ, ತಲೆ ಸೂರಿನ ಹೊರಗೆ, ಮೈ ಒಳಗೆ ಮಾಡಿ ಮಲಗುತ್ತಾನೆ. ಉಳಿದ ತಿಂಗಳುಗಳಲ್ಲೂ ಅವನು ಚಪ್ಪಡಿ ಕಲ್ಲಿಗೆ ಹೋಗುತ್ತಿಲ್ಲ. ನಾನು ಕೇಳಿಲ್ಲ. ಒಂದೊಂದು ದಿನ ನಾನು ಅನ್ನ ಬಡಿಸುವಾಗ ಈಗಲೂ ಮುಖ ನೋಡುತ್ತಾನೆ.

ಹೋದ ಹುಣ್ಣಿಮೆಯ ಮಾರನೆ ದಿನ ಎಣಿಸಲು ಇಳಿದಿದ್ದೆ. ಅವನು ಮಂಕರಿ ಹೊತ್ತುಕೊಂಡು ಬಂದು ದಡದಲ್ಲಿ ಕೂತಿದ್ದ, ಕೈಯಲ್ಲಿ ಎಮ್ಮೆ ಹೊಡೆಯುವ ಕೋಲು. ಅಂಗಾಲು ವಾಸಿಯಾಗಿದೆ, ಆದರೆ ಬಲಗಾಲಿನಲ್ಲಿ ಒಂದು ಗೀಟಿನುದ್ದಕ್ಕೂ ಏನೂ ತಿಳಿಯುವುದಿಲ್ಲ. ಎಡಗಾಲನ್ನು ತೇಲಿಸುತ್ತಾ ಹಳ್ಳದ ನಡುವಿಗೆ ಬಂದಿದ್ದೆ. ಚುಚ್ಚಿತು.

ಕಲ್ಲೇನೋ ಅಂದುಕೊಂಡೆ. ಅಷ್ಟರಲ್ಲಿ ಅದು ಬಾಯಿ ಮುಚ್ಚಿತು. ಅಷ್ಟು ಸಣ್ಣ ಅದುರನ್ನು ನನ್ನ ಅಂಗಾಲು ಎಂದೂ ಕಂಡಿರಲಿಲ್ಲ. ಹುಣಸೆ ಬೀಜದಷ್ಟೇ. ಕಾಲೆತ್ತಿದೆ, ಎತ್ತಿದ ಕಾಲನ್ನು ಹಿಮ್ಮಡಿಯ ಪಕ್ಕ ಇಡಲು ಹೋದರೆ ಅಲ್ಲೂ ಚುಚ್ಚಿತು. ಮುಂದೆ ಚಾಚಿದೆ, ಅಲ್ಲೂ. ಸುತ್ತ ಎಲ್ಲಿ ಇಟ್ಟರೂ ಚುಚ್ಚುತ್ತಿದ್ದವು. ಬಲಗಾಲಿನ ಏನೂ ತಿಳಿಯದ ಆ ಗೀಟಿನ ಕೆಳಗೆ ಎಷ್ಟಿವೆಯೋ ಯಾರಿಗೆ ಗೊತ್ತು! ಹೆದರಿಕೆಯಾಯಿತು. ನೀರಿನ ನಡುವೆಯೇ ನಿಂತಿದ್ದೆ, ಆದರೂ ಆ ಹೆದರಿಕೆ ಇಳಿಯಲಿಲ್ಲ. ನಾನೇ ಅದನ್ನು ನೀರಿಗೆ ಬಿಡಲಿಲ್ಲ.

"ಏನಮ್ಮಿ ಅದು, ಕೊಕ್ಕರೆ ಥರ ಒಂಟಿ ಕಾಲಲ್ಲಿ ನಿಂತ್ಕೊಂಡೆ?" ಅಂದ ದಡದಿಂದ.

"ಮರಿ," ಅಂದೆ. "ಮರಿ ಕಣಯ್ಯ. ತುಂಬಾ ಅವೆ. ಕಾಲಿಡಕ್ಕೆ ಜಾಗ ಇಲ್ಲ. ಬಿದ್ದರೆ ಅಷ್ಟೂ ಹೋಯ್ತವೆ."

ಅವನು ಎದ್ದ. ದಡದಲ್ಲಿ ಬೋರಲು ಮಲಗಿ, ಎದೆಯವರೆಗೆ ನೀರಿನ ಮೇಲೆ ಚಾಚಿ, ಕೋಲನ್ನು ನನ್ನ ಕಡೆ ನೀಡಿದ. ಕೋಲಿನ ತುದಿ ನನ್ನ ಕೈಯಿಂದ ಒಂದು ಗೇಣು ದೂರದಲ್ಲಿತ್ತು.

"ಹಿಡ್ಕೊ. ಮೈಭಾರ ಇದರ ಮೇಲೆ ಬಿಟ್ಟು, ಒಂದೊಂದೇ ಕಾಲು ತೇಲಿಸ್ಕೊಂಡು ಬಾ."

ನಾನು ಅವನ ಮುಖ ನೋಡಿದೆ. ಅವನು ಬಡಿಸಿದವಳ ಮುಖ ನೋಡುವ ಹಾಗೆಯೇ.

"ಬಿಡಲ್ಲ ತಾನೆ?"

ಅವನು ಕೋಲಿನ ತನ್ನ ಕಡೆಯ ತುದಿಯನ್ನು ಎರಡೂ ಕೈಯಲ್ಲಿ ಸರಿಯಾಗಿ ಹಿಡಿದುಕೊಂಡ. "ಇನ್ನೊಂದು ಮೊಳ ಬಾ, ಆಮೇಲೆ ನೋಡಾಣ," ಅಂದ.

ನಾನು ಕೈ ಚಾಚಿದೆ.